ಲೇಸರ್ ಮಷಿನ್ ಸರಿಯಾಗಿ ಕತ್ತರಿಸುತ್ತಿಲ್ಲವೇ? ಪವರ್ ಏರಿಸುವ ಮುಂಚೆ ಇಷ್ಟು ನೋಡಿ

ನಿನ್ನೆವರೆಗೂ 3 ಎಂಎಂ ಅಕ್ರಿಲಿಕ್ ಸಲೀಸಾಗಿ ಕತ್ತರಿಸುತ್ತಿದ್ದ ಮಷಿನ್. ಇವತ್ತು ತುಂಡು ಕೆಳಗೆ ಬೀಳುತ್ತಿಲ್ಲ. ಹೆಚ್ಚಿನವರು ಮಾಡುವ ಮೊದಲ ಕೆಲಸ ಒಂದೇ, ಪವರ್ ಏರಿಸುವುದು. ಶೇ. 60 ಇದ್ದದ್ದು 75 ಆಗುತ್ತದೆ, ಕೆಲವು ದಿನ ಕಳೆದು 90. ಆರ್ಡರ್ ಹೇಗೋ ಮುಗಿಯುತ್ತದೆ, ದೋಷ ಮಾತ್ರ ಅಲ್ಲೇ ಉಳಿಯುತ್ತದೆ. ಲೆನ್ಸ್ ಮೇಲೆ ಕೂತ ಮಸಿ ಇನ್ನಷ್ಟು ಸುಡುತ್ತದೆ, ಟ್ಯೂಬ್ ಬೇಗ ಸವೆಯುತ್ತದೆ, ಕೊನೆಗೆ "ಟ್ಯೂಬ್ ಹೋಗಿದೆ ಸಾರ್, ಹೊಸದು ಹಾಕಬೇಕು" ಎಂಬ ಮಾತು ಬರುತ್ತದೆ. ಲೆನ್ಸ್ ಒರೆಸಲು ಹತ್ತು ನಿಮಿಷ ಸಾಕು. ಹೊಸ ಟ್ಯೂಬಿಗೆ ಹತ್ತಾರು ಸಾವಿರ ರೂಪಾಯಿ ಬೇಕು.

ಇಲ್ಲಿ ಹೇಳುವುದು ಗ್ಲಾಸ್ ಟ್ಯೂಬ್ ಇರುವ ಸಿಒ2 ಲೇಸರ್ ಮಷಿನ್ ಬಗ್ಗೆ. ನೇಮ್ ಬೋರ್ಡ್ ಅಂಗಡಿ, ಮದುವೆ ಕಾರ್ಡ್ ಪ್ರೆಸ್, ಗಿಫ್ಟ್ ಐಟಂ ಮಾಡುವವರು, ಕಾಲೇಜು ಲ್ಯಾಬ್, ಇಲ್ಲೆಲ್ಲ ಸಾಮಾನ್ಯವಾಗಿ ಕಾಣುವುದು ಇದೇ. 40ರಿಂದ 130 ವಾಟ್ ಒಳಗಿನದ್ದು. ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ಸ್ಟೀಲ್ ಶೀಟ್ ಕತ್ತರಿಸುವ ಫೈಬರ್ ಲೇಸರ್ ಬೇರೆಯೇ ಜಾತಿ. ಅದರ ವಿಚಾರ ಬೇಕಾದ ಕಡೆ ಮಾತ್ರ ಬರುತ್ತದೆ.

ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಹುಡುಕುವುದು ಸುಲಭ

ಟ್ಯೂಬಿನೊಳಗೆ ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ಹೀಲಿಯಂ ಬೆರೆತ ಗ್ಯಾಸ್ ಇರುತ್ತದೆ. ಅದರಲ್ಲಿ ಹೈ ವೋಲ್ಟೇಜ್ ಕರೆಂಟ್ ಹರಿದಾಗ 10.6 ಮೈಕ್ರಾನ್ ಅಲೆಯುದ್ದದ ಬೆಳಕು ಹೊರಗೆ ಬರುತ್ತದೆ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಮಷಿನ್ನಿನಲ್ಲಿ ಕಾಣುವ ಕೆಂಪು ಚುಕ್ಕೆ ಬರೀ ಗುರಿ ತೋರಿಸಲು ಇಟ್ಟ ಪುಟ್ಟ ಪಾಯಿಂಟರ್. ನಿಜವಾದ ಬೀಮ್ ಒಂದು, ಎರಡು, ಮೂರನೇ ಮಿರರ್‌ಗಳಿಗೆ ಬಡಿದು, ಶೀಟ್ ಮೇಲೆ ಓಡಾಡುವ ಹೆಡ್‌ನಲ್ಲಿರುವ ಲೆನ್ಸ್ ದಾಟಿ, ಹೆಡ್ಡಿನ ಚೂಪು ತುದಿಯಾದ ನಾಝಲ್ ತೂತಿನಿಂದ ಕೆಳಗೆ ಇಳಿಯುತ್ತದೆ. ಚಿಕ್ಕಂದಿನಲ್ಲಿ ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟಿದ್ದೀರಲ್ವಾ, ಲೆನ್ಸ್ ಮಾಡುವ ಕೆಲಸ ಅದೇ. ಬೀಮ್ 0.1ರಿಂದ 0.2 ಎಂಎಂ ಅಗಲದ ಚುಕ್ಕೆಯಾಗಿ ಕುಗ್ಗಿದಾಗ ಆ ಜಾಗದ ಅಕ್ರಿಲಿಕ್ ಆವಿಯಾಗುತ್ತದೆ, ಮರ ಸುಟ್ಟು ಹೋಗುತ್ತದೆ. ನಾಝಲ್‌ನಿಂದ ಊದುವ ಗಾಳಿ ಹೊಗೆಯನ್ನೂ ಚೂರನ್ನೂ ಸೀಳಿನಿಂದ ಹೊರಗೆ ತಳ್ಳುತ್ತದೆ.

ಅಂದರೆ ಟ್ಯೂಬಿನಿಂದ ಹೊರಟ ಶಕ್ತಿ ಮೆಟೀರಿಯಲ್ ಮುಟ್ಟುವ ಮುಂಚೆ ಮೂರು ಮಿರರ್, ಒಂದು ಲೆನ್ಸ್, ಒಂದು ತೂತು ದಾಟಬೇಕು. ದಾರಿಯಲ್ಲಿ ಎಲ್ಲಿ ಸೋರುತ್ತಿದೆ ಅಂತ ಕಂಡುಹಿಡಿದರೆ ಅರ್ಧ ರಿಪೇರಿ ಆದಂತೆ.

ಕೈ ಹಾಕುವ ಮುಂಚೆ

ಮುಚ್ಚಳ ತೆರೆದಿದ್ದಾಗ ಬೀಮ್ ಹಾರಿಸಬೇಡಿ. ಡೋರ್ ಸ್ವಿಚ್ಚಿಗೆ ಟೇಪ್ ಸುತ್ತಿ ಮಷಿನ್ನಿಗೆ ಮೋಸ ಮಾಡುವ ಅಭ್ಯಾಸ ಬಹಳ ಅಂಗಡಿಗಳಲ್ಲಿದೆ. ಅದನ್ನು ಇವತ್ತೇ ತೆಗೆಯಿರಿ. ಈ ಬೀಮ್ ಕಣ್ಣಿನ ಮೇಲ್ಪದರವನ್ನೇ ಸುಡುತ್ತದೆ. ಹೊಳೆಯುವ ಲೋಹಕ್ಕೆ ತಾಗಿ ಪಕ್ಕಕ್ಕೆ ಚಿಮ್ಮಿದರೂ ಸಾಕು.

ಟ್ಯೂಬಿನ ಹಿಂದಿನ ತುದಿಗೆ ಹೋಗುವ ದಪ್ಪ ಕೆಂಪು ವೈರಿನಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಪವರ್ ಸಪ್ಲೈ ಒಳಗೆ ಚಾರ್ಜ್ ಉಳಿದಿರುತ್ತದೆ. ಈ ಬರಹದಲ್ಲಿ ಎಲ್ಲೂ ಆ ಡಬ್ಬ ಬಿಚ್ಚಲು ಹೇಳುವುದಿಲ್ಲ, ನೀವೂ ಬಿಚ್ಚಬೇಡಿ.

ಮಷಿನ್ ಓಡುತ್ತಿರುವಾಗ ಚಹಾ ಕುಡಿಯಲು ಹೋಗಬೇಡಿ. ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಪುಡಿ ತುಂಬಿದ ಸಿಲಿಂಡರ್ ಬೆಂಕಿಯನ್ನೇನೋ ಆರಿಸುತ್ತದೆ, ಆದರೆ ಆ ಪುಡಿ ರೇಲ್, ಬೇರಿಂಗ್, ಮಿರರ್ ಒಳಗೆಲ್ಲ ಸೇರಿಕೊಳ್ಳುತ್ತದೆ.

"ಕಟ್ ಆಗಿದೆ ಅನ್ನಿಸುತ್ತೆ, ಆದರೆ ತುಂಡು ಬೀಳ್ತಿಲ್ಲ"

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ನೋಡುವ ಕ್ರಮ ಮುಖ್ಯ.

ಮೊದಲು ಮೆಟೀರಿಯಲ್ ನೋಡಿ. ಖರ್ಚಿಲ್ಲದ ಪರೀಕ್ಷೆ. ಶೀಟ್ ಮೇಲೆ 3 ಎಂಎಂ ಅಂತ ಬರೆದಿದ್ದರೂ ವರ್ನಿಯರ್ ಇಟ್ಟು ಅಳೆಯಿರಿ. ಒಂದೇ ಶೀಟಿನ ಎರಡು ಅಂಚಿನಲ್ಲಿ ದಪ್ಪ ಬೇರೆ ಬೇರೆ ಇರುವುದು ಹೊಸದೇನಲ್ಲ. ಪ್ಲೈವುಡ್ ಆದರೆ ಒಳಪದರದ ಗಂಟು ಮತ್ತು ಗೋಂದು ಜಾಸ್ತಿ ಕೂತ ಜಾಗ ಬೀಮನ್ನು ತಡೆಯುತ್ತವೆ. ಗುರುತು ಸುಲಭ. ಎಲ್ಲ ಕಡೆ ಕತ್ತರಿಸಿ, ಅಲ್ಲೊಂದು ಇಲ್ಲೊಂದು ಜಾಗದಲ್ಲಿ ಮಾತ್ರ ಅಂಟಿಕೊಂಡಿದ್ದರೆ ತಪ್ಪು ಪ್ಲೈವುಡ್‌ನದು, ಮಷಿನ್‌ನದಲ್ಲ. ನೀರಿಗೆ ತಡೆಯುವ ಗಟ್ಟಿ ಅಂಟಿನ ಪ್ಲೈವುಡ್ ಲೇಸರಿಗೆ ಇನ್ನೂ ಕಷ್ಟ. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತೇವ ಹೀರಿ ಉಬ್ಬಿರುತ್ತದೆ. ಅಷ್ಟೇ ಅಲ್ಲ, ಬೀಮಿನ ಶಕ್ತಿ ಆ ನೀರನ್ನು ಆವಿ ಮಾಡುವುದಕ್ಕೂ ಖರ್ಚಾಗುತ್ತದೆ. ಅಲ್ಲೇ ಇರುವ ಬೇರೆ ಒಣ ಶೀಟ್ ಹಾಕಿ ಅದೇ ಫೈಲ್ ಓಡಿಸಿ ನೋಡಿ.

ಎರಡನೆಯದು ಫೋಕಸ್. ಹೆಚ್ಚಿನ ಮಷಿನ್‌ಗಳಲ್ಲಿ 2 ಇಂಚು, ಅಂದರೆ 50.8 ಎಂಎಂ ಫೋಕಸ್ ದೂರದ ಲೆನ್ಸ್ ಇರುತ್ತದೆ. ಮಷಿನ್ ಜೊತೆ ಕೊಟ್ಟ ಅಕ್ರಿಲಿಕ್ ಗೇಜ್ ತುಂಡನ್ನೇ ನಂಬಿ ಕೂರಬೇಡಿ. ಲೆನ್ಸ್ ಬದಲಿಸಿದ್ದರೆ, ನಾಝಲ್ ಬದಲಿಸಿದ್ದರೆ ಅದರ ಲೆಕ್ಕ ತಪ್ಪುತ್ತದೆ. ಒಂದು ಎಂಡಿಎಫ್ ಪಟ್ಟಿಯನ್ನು ಬೆಡ್ (ಶೀಟ್ ಇಡುವ ಮೇಜು) ಮೇಲೆ ಓರೆಯಾಗಿ ಇಡಿ. ಒಂದು ತುದಿ ಸುಮಾರು 20 ಎಂಎಂ ಎತ್ತರದಲ್ಲಿರಲಿ. ನಾಝಲ್ ಆ ಎತ್ತರದ ತುದಿಗೆ ಬಡಿಯದಂತೆ ಬೆಡ್ ಇಳಿಸಿಕೊಳ್ಳಿ. ಕಡಿಮೆ ಪವರಿನಲ್ಲಿ ಪಟ್ಟಿಯ ಉದ್ದಕ್ಕೂ ಒಂದು ಗೆರೆ ಎಳೆಯಿರಿ. ಗೆರೆ ಒಂದು ಕಡೆ ದಪ್ಪ, ನಡುವೆ ಕೂದಲಿನಷ್ಟು ತೆಳು, ಮತ್ತೆ ದಪ್ಪ ಆಗಿರುತ್ತದೆ. ಅತಿ ತೆಳುವಾದ ಜಾಗದ ಮೇಲೆ ಹೆಡ್ ನಿಲ್ಲಿಸಿ ನಾಝಲ್‌ನಿಂದ ಪಟ್ಟಿಗೆ ಇರುವ ಅಂತರ ಅಳೆಯಿರಿ. ಅದೇ ನಿಮ್ಮ ಸರಿಯಾದ ಫೋಕಸ್. ಆ ಅಳತೆಗೆ ಹೊಸ ಗೇಜ್ ಕತ್ತರಿಸಿಕೊಂಡು ಮಷಿನ್ನಿಗೇ ದಾರ ಕಟ್ಟಿ ತೂಗುಹಾಕಿ. 6 ಎಂಎಂ ಮೇಲಿನ ಶೀಟ್ ಆದರೆ ಫೋಕಸ್ ಮೇಲ್ಮೈಗಿಂತ ಸ್ವಲ್ಪ ಒಳಗೆ ಬೀಳುವಂತೆ ಇಟ್ಟರೆ ಸೀಳು ನೆಟ್ಟಗೆ ಇಳಿಯುತ್ತದೆ.

ಮೂರನೆಯದು ಲೆನ್ಸ್. ಮಷಿನ್ ಆಫ್ ಮಾಡಿ, ಕೈ ತೊಳೆದು, ಹೆಡ್‌ನಿಂದ ಲೆನ್ಸ್ ಕೊಳವೆ ಬಿಚ್ಚಿ. ಕೆಳಗೆ ಒಂದು ಮೆತ್ತನೆಯ ಬಟ್ಟೆ ಹಾಸಿರಲಿ, ಲೆನ್ಸ್ ಜಾರಿ ಬೀಳುವುದು ಈ ಹೊತ್ತಿನಲ್ಲೇ. ಇದು ಗಾಜಲ್ಲ, ಝಿಂಕ್ ಸೆಲೆನೈಡ್. ಬಣ್ಣ ತಿಳಿ ಹಳದಿ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಹರಡಿದ ಹೊಗೆ ಪದರ, ಅಲ್ಲಲ್ಲಿ ಚುಕ್ಕೆ ಇದ್ದರೆ ಒರೆಸಿದರೆ ಹೋಗುತ್ತದೆ. ಲೆನ್ಸ್ ಟಿಶ್ಯೂ ಅಥವಾ ಹೊಸ ಇಯರ್ ಬಡ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿ, ಒತ್ತದೆ, ನಡುವಿನಿಂದ ಅಂಚಿನ ಕಡೆಗೆ ಒಂದೇ ಸಲ ಎಳೆಯಿರಿ. ಆ ಬಡ್ ಎಸೆದು ಇನ್ನೊಂದು ತೆಗೆದುಕೊಳ್ಳಿ. ಒಣ ಬಟ್ಟೆ, ಬನಿಯನ್ ಚೂರು, ಬಾಯಿಂದ ಊದುವುದು ಯಾವುದೂ ಬೇಡ. ಒರೆಸಿದ ಮೇಲೂ ನಟ್ಟ ನಡುವೆ ಕಂದು ಮಚ್ಚೆ ಉಳಿದರೆ ಕೋಟಿಂಗ್ ಸುಟ್ಟಿದೆ ಎಂದರ್ಥ. ಆ ಲೆನ್ಸ್ ಇನ್ನು ಸರಿಹೋಗುವುದಿಲ್ಲ, ಬದಲಿಸಿ. ವಾಪಸ್ ಹಾಕುವಾಗ ಉಬ್ಬಿದ ಬದಿ ಮೇಲಕ್ಕೆ ಇರಬೇಕು. ತಿರುಗಿಸಿ ಹಾಕಿದರೆ ಚುಕ್ಕೆ ದಪ್ಪವಾಗಿ ಕಟಿಂಗ್ ಇನ್ನೂ ಕೆಡುತ್ತದೆ.

ಲೆನ್ಸ್ ಒಡೆದಿದ್ದರೆ ಅದರ ಪುಡಿ ವಿಷ. ಬರಿಗೈಯಲ್ಲಿ ಮುಟ್ಟಬೇಡಿ, ಗುಡಿಸಬೇಡಿ. ಗ್ಲೌಸ್ ಮತ್ತು ಮಾಸ್ಕ್ ಹಾಕಿ, ಒದ್ದೆ ಟಿಶ್ಯೂನಲ್ಲಿ ಒತ್ತಿ ತೆಗೆದು, ಜಿಪ್ ಕವರಿನಲ್ಲಿ ಮುಚ್ಚಿಡಿ.

ನಾಲ್ಕನೆಯದು ಮಿರರ್. ಮೂರನ್ನೂ ಇದೇ ರೀತಿ ಒರೆಸಿ. ಹೆಡ್ ಮೇಲಿನ ಮೂರನೆಯದು ಬೇಗ ಕೊಳೆಯಾಗುತ್ತದೆ, ಏಕೆಂದರೆ ಹೊಗೆ ಅದರ ಕಾಲಬುಡದಲ್ಲೇ ಏಳುತ್ತದೆ.

ಒಂದು ಸಣ್ಣ ಗುರುತು ಇಲ್ಲೇ ಹೇಳಿಬಿಡುತ್ತೇನೆ. ಕಟಿಂಗ್ ಮುಗಿದು ಮಷಿನ್ ಆಫ್ ಆದ ಮೇಲೆ ನಾಝಲ್ ಹತ್ತಿರ ಬೆರಳು ಒಯ್ಯಿರಿ. ಕಾವು ಹೊಡೆಯುತ್ತಿದ್ದರೆ ಬೀಮ್ ತೂತಿನ ನಡುವೆ ಇಳಿಯದೆ ಅದರ ಗೋಡೆಗೆ ಬಡಿಯುತ್ತಿದೆ. ಶಕ್ತಿ ಸೋರುತ್ತಿರುವುದು ಅಲ್ಲಿ. ಮುಂದಿನ ಭಾಗ ನೋಡಿ.

"ಒಂದು ಮೂಲೆಯಲ್ಲಿ ಚೆನ್ನಾಗಿ ಕಟ್ ಆಗುತ್ತೆ, ಇನ್ನೊಂದು ಮೂಲೆಯಲ್ಲಿ ಇಲ್ಲ"

ಇಲ್ಲಿ ಮಷಿನ್ ಕಡೆಯ ಕಾರಣ ಮುಖ್ಯವಾಗಿ ಎರಡು. ಬೆಡ್ ಮಟ್ಟವಾಗಿಲ್ಲ, ಇಲ್ಲವೇ ಮಿರರ್ ಅಲೈನ್‌ಮೆಂಟ್ ತಪ್ಪಿದೆ. ಸುಲಭದ್ದನ್ನು ಮೊದಲು ನೋಡಿ. ಹೆಡ್ಡನ್ನು ನಾಲ್ಕೂ ಮೂಲೆಗೆ ಒಯ್ದು ಫೋಕಸ್ ಗೇಜ್ ಇಡಿ. ಎಲ್ಲೋ ಬಿಗಿ, ಎಲ್ಲೋ ಸಡಿಲ ಆದರೆ ಬೆಡ್ ಸ್ಕ್ರೂ ತಿರುಗಿಸಿ ಸರಿಮಾಡಿ. ಬೆಡ್ ಸರಿಯಿದ್ದೂ ಬಾಗಿದ ಶೀಟ್ ಹಾಕಿದ್ದರೆ ಅದೂ ಇದೇ ಲಕ್ಷಣ ತೋರಿಸುತ್ತದೆ. ನಾಲ್ಕು ಅಯಸ್ಕಾಂತ ಇಟ್ಟು ಶೀಟನ್ನು ಒತ್ತಿಹಿಡಿಯಿರಿ.

ನಾಲ್ಕೂ ಮೂಲೆ ಸಮ ಇದ್ದರೆ ಟೇಪ್ ಪರೀಕ್ಷೆ. ಹೆಡ್‌ಗೆ ಬೀಮ್ ಒಳಹೋಗುವ ತೂತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ. ಮುಚ್ಚಳ ಹಾಕಿ, ಕಡಿಮೆ ಪವರಿನಲ್ಲಿ, ಬೀಮನ್ನು ಒಂದು ಕ್ಷಣ ಹಾರಿಸುವ ಪಲ್ಸ್ ಬಟನ್ ಒಂದೇ ಒಂದು ಸಲ ಚುಟುಕಾಗಿ ಒತ್ತಿ. ಟೇಪ್ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಹೆಡ್ಡನ್ನು ದೂರದ ಮೂಲೆಗೆ ಒಯ್ದು ಮತ್ತೊಂದು ಪಲ್ಸ್. ಎರಡೂ ಚುಕ್ಕೆ ಒಂದರ ಮೇಲೊಂದು ಬಿದ್ದರೆ ಅಲೈನ್‌ಮೆಂಟ್ ಸರಿಯಿದೆ. ಜೋಡಿ ಚುಕ್ಕೆ ಕಂಡರೆ ತಪ್ಪಿದೆ.

ಸರಿಮಾಡುವಾಗ ಟ್ಯೂಬ್ ಕಡೆಯಿಂದ ಬನ್ನಿ. ಮೊದಲು ಎರಡನೇ ಮಿರರ್ ಮುಂದೆ ಟೇಪ್ ಹಚ್ಚಿ, ಅದನ್ನು ಹತ್ತಿರ ಮತ್ತು ದೂರ ಇಟ್ಟು ಚುಕ್ಕೆ ನೋಡಿ, ಒಂದನೇ ಮಿರರಿನ ಸ್ಕ್ರೂ ತಿರುಗಿಸಿ. ದೂರದ ಚುಕ್ಕೆಯನ್ನು ಹತ್ತಿರದ ಚುಕ್ಕೆಯ ಮೇಲೆ ತರಬೇಕು. ಅದು ಮುಗಿದ ಮೇಲೆ ಹೆಡ್ ಮುಂದೆ ಟೇಪ್ ಹಚ್ಚಿ, ಎರಡನೇ ಮಿರರ್. ಕೊನೆಗೆ ನಾಝಲ್ ಕೆಳಗೆ ಟೇಪ್ ಹಚ್ಚಿ, ಚುಕ್ಕೆ ತೂತಿನ ನಡುವೆ ಬೀಳುವಂತೆ ಮೂರನೆಯದು. ಸ್ಕ್ರೂ ಕಾಲು ಸುತ್ತಿಗಿಂತ ಜಾಸ್ತಿ ಒಮ್ಮೆಗೇ ತಿರುಗಿಸಬೇಡಿ. ಯಾವ ಸ್ಕ್ರೂ ಯಾವ ಕಡೆ ತಿರುಗಿಸಿದೆ ಅಂತ ಬರೆದಿಟ್ಟುಕೊಳ್ಳಿ. ಅಂದಾಜಿನಲ್ಲಿ ಮೂರನ್ನೂ ತಿರುಗಿಸಿಬಿಟ್ಟರೆ ಮತ್ತೆ ದಾರಿಗೆ ತರುವುದು ಟೆಕ್ನಿಷಿಯನ್‌ಗೂ ತಲೆನೋವು. ಒಂದನೇ ಮಿರರಿಗೇ ಚುಕ್ಕೆ ನಡುವೆ ಬೀಳುತ್ತಿಲ್ಲ ಅಂದರೆ ಟ್ಯೂಬನ್ನೇ ಸರಿಸಬೇಕು. ಅಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕರೆಸಿ.

ಅಂಚು ಒಂದೇ ಕಡೆಗೆ ವಾಲಿಕೊಂಡು ಕತ್ತರಿಸುತ್ತಿದ್ದರೆ ಅದೂ ಇದೇ ಗುಂಪಿನ ದೋಷ, ಬೀಮ್ ಲೆನ್ಸಿನ ನಡುವೆ ನೇರ ಇಳಿಯುತ್ತಿಲ್ಲ. ಆದರೆ 8, 10 ಎಂಎಂ ಶೀಟಿನಲ್ಲಿ ಎರಡೂ ಬದಿ ಚೂರೇ ಚೂರು ಓರೆ ಇರುವುದು ಸಹಜ.

"ಅಂಚೆಲ್ಲ ಕರಕಲು, ಬೆಂಕಿ ಬೇರೆ ಹತ್ತುತ್ತೆ"

ಮೊದಲು ಗಾಳಿ ನೋಡಿ. ನಾಝಲ್ ಕೆಳಗೆ ಅಂಗೈ ಹಿಡಿದರೆ ರಭಸ ತಿಳಿಯಬೇಕು. ಪೈಪ್ ಮಡಚಿರುತ್ತದೆ, ಜಾಯಿಂಟ್ ಬಿಟ್ಟಿರುತ್ತದೆ, ಇಲ್ಲವೇ ಪಂಪ್ ಸ್ವಿಚ್ ಹಾಕಲು ಯಾರೋ ಮರೆತಿರುತ್ತಾರೆ. ಕಂಪ್ರೆಸರ್ ಗಾಳಿ ಬಳಸುವವರು ನೀರು ಹಿಡಿಯುವ ಫಿಲ್ಟರ್ ಹಾಕಲೇಬೇಕು. ಇಲ್ಲದಿದ್ದರೆ ಎಣ್ಣೆ, ನೀರಿನ ತುಂತುರು ನೇರ ಲೆನ್ಸಿಗೆ ಹೊಡೆಯುತ್ತದೆ.

ಆಮೇಲೆ ಸ್ಪೀಡ್. ನಿಧಾನಕ್ಕೆ ಓಡಿಸಿದರೆ ಮರ ಜಾಸ್ತಿ ಹೊತ್ತು ಸುಡುತ್ತದೆ. ಲೆನ್ಸ್ ಶುಚಿ ಇದ್ದು ಫೋಕಸ್ ಸರಿಯಿದ್ದರೆ ಸ್ಪೀಡ್ ಏರಿಸಬಹುದು, ಕರಕಲು ತಾನಾಗಿ ಇಳಿಯುತ್ತದೆ. ಪ್ಲೈವುಡ್ ಮೇಲ್ಮೈಗೆ ಹೊಗೆ ಕಲೆ ಬೀಳದಿರಲು ಮಾಸ್ಕಿಂಗ್ ಟೇಪ್ ಅಂಟಿಸಿ ಕತ್ತರಿಸಿ, ಆಮೇಲೆ ಸುಲಿಯಿರಿ. ಎಂಡಿಎಫ್ ಅಂಚು ಎಷ್ಟೇ ಮಾಡಿದರೂ ಕಂದು ಬಣ್ಣವೇ. ಗ್ರಾಹಕರಿಗೆ ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೇಲ್ಮೈ ಚೆನ್ನಾಗಿದ್ದು, ಕೆಳಗಡೆ ಮಾತ್ರ ಸುಟ್ಟ ಚುಕ್ಕೆಗಳ ಸಾಲು ಇದೆಯೇ? ಬೀಮ್ ಶೀಟ್ ದಾಟಿ ಬೆಡ್‌ನ ಲೋಹಕ್ಕೆ ಬಡಿದು ವಾಪಸ್ ಚಿಮ್ಮುತ್ತಿದೆ. ಶೀಟನ್ನು ಸಣ್ಣ ತುಂಡುಗಳ ಮೇಲೆ ಸ್ವಲ್ಪ ಎತ್ತಿ ಇಡಿ.

ಕಿಡಿ ಹಾರುವುದು ಬೇರೆ, ಉರಿ ನಿಲ್ಲುವುದು ಬೇರೆ. ಹೆಡ್ ಮುಂದೆ ಹೋದ ಮೇಲೂ ಹಿಂದೆ ಸಣ್ಣ ಜ್ವಾಲೆ ಉಳಿದಿದ್ದರೆ ತಕ್ಷಣ ನಿಲ್ಲಿಸಿ. ಅಕ್ರಿಲಿಕ್ ಒಮ್ಮೆ ಹತ್ತಿಕೊಂಡರೆ ಸದ್ದಿಲ್ಲದೆ ಉರಿಯುತ್ತದೆ. ಬೆಡ್ ಕೆಳಗಿನ ಟ್ರೇನಲ್ಲಿ ಬಿದ್ದ ಚೂರುಗಳನ್ನು ದಿನಾ ತೆಗೆಯಿರಿ. ಬೆಂಕಿಗೆ ಸೌದೆ ಒದಗಿಸುವುದು ಆ ಕಸವೇ.

"ಅಕ್ರಿಲಿಕ್ ಅಂಚಿಗೆ ಹೊಳಪೇ ಇಲ್ಲ" ಅಥವಾ "ಬಿರುಕು ಬಿಡ್ತಿದೆ"

ಇಲ್ಲಿ ಮರದ ಲೆಕ್ಕ ಉಲ್ಟಾ. ಗಾಳಿ ಜೋರಾದರೆ ಕರಗಿದ ಅಂಚು ಬೇಗ ತಣಿದು ಮಂಜುಮಂಜಾಗುತ್ತದೆ. ಉರಿ ಏಳದಷ್ಟು ಮೆಲ್ಲನೆಯ ಗಾಳಿ, ಸ್ವಲ್ಪ ಕಡಿಮೆ ಸ್ಪೀಡ್ ಇಟ್ಟರೆ ಪಾಲಿಶ್ ಮಾಡಿದಂತೆ ಬರುತ್ತದೆ.

ತುಂಡು ಕತ್ತರಿಸಿಯೂ ಮತ್ತೆ ಅಂಟಿಕೊಳ್ಳುತ್ತಿದ್ದರೆ ಶೀಟ್ ಯಾವ ಬಗೆಯದು ಅಂತ ಕೇಳಿ. ಅಚ್ಚಿನಲ್ಲಿ ಹೊಯ್ದು ಮಾಡಿದ ಕಾಸ್ಟ್ ಅಕ್ರಿಲಿಕ್ ಲೇಸರಿಗೆ ಚೆನ್ನ. ಎಕ್ಸ್‌ಟ್ರೂಡೆಡ್ ಶೀಟ್ ಬೇಗ ಕರಗಿ ದಾರ ಬಿಡುತ್ತದೆ. ಗುರುತಿಸಲು ಮೂಲೆಯಲ್ಲಿ ಸಣ್ಣದಾಗಿ ಎನ್‌ಗ್ರೇವ್ ಮಾಡಿ. ಬೆಳ್ಳಗೆ ಮಂಜಿನಂತೆ ಬಂದರೆ ಕಾಸ್ಟ್, ಬಣ್ಣವೇ ಇಲ್ಲದೆ ಬರೀ ಗುಳಿ ಬಿದ್ದರೆ ಎಕ್ಸ್‌ಟ್ರೂಡೆಡ್.

ಬಿರುಕಿನ ವಿಷಯಕ್ಕೆ ಬಂದರೆ ತಪ್ಪು ಸಾಮಾನ್ಯವಾಗಿ ಒರೆಸುವ ಬಟ್ಟೆಯಲ್ಲಿರುತ್ತದೆ. ಕತ್ತರಿಸಿದ ಅಂಚಿನಲ್ಲಿ ಒಳ ಬಿಗಿತ ಉಳಿದಿರುತ್ತದೆ. ಅದರ ಮೇಲೆ ಥಿನ್ನರ್, ಸ್ಪಿರಿಟ್ ಸೋಕಿದರೆ ನೋಡುತ್ತಿದ್ದಂತೆ ಸಣ್ಣ ಸಣ್ಣ ಬಿರುಕು ಹರಡುತ್ತವೆ. ಸೋಪಿನ ನೀರು ಸಾಕು. ಕನ್ನಡಿ ಅಕ್ರಿಲಿಕ್ ಆದರೆ ಬಣ್ಣ ಬಳಿದ ಹಿಂಬದಿ ಮೇಲಿರಲಿ.

"ಕನ್ನಡ ಅಕ್ಷರ ಚೂರು ಚೂರಾಗಿ ಬೀಳುತ್ತೆ"

ಇಂಗ್ಲಿಷ್ ಅಕ್ಷರ ಸರಿಯಾಗಿ ಬಂದು ಕನ್ನಡ ಮಾತ್ರ ಕೆಟ್ಟರೆ ಮಷಿನ್ ಮುಟ್ಟಲೇಬೇಡಿ, ಫೈಲ್ ತೆರೆಯಿರಿ. ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು ಎಂಬ ಕಾಯ್ದೆ ತಿದ್ದುಪಡಿ 2024ರಲ್ಲಿ ಬಂದಿದೆ. ಹಾಗಾಗಿ ಈ ತೊಂದರೆ ಬೋರ್ಡ್ ಕೆಲಸ ಮಾಡುವ ಯಾರನ್ನೂ ಬಿಡುವುದಿಲ್ಲ.

ಕೆಲವು ಫಾಂಟ್‌ಗಳಲ್ಲಿ ಮೂಲ ಅಕ್ಷರ ಬೇರೆ ಆಕಾರ, ಕೊಂಬು, ಗುಣಿತದ ಗುರುತು ಬೇರೆ ಆಕಾರ. ಸ್ಕ್ರೀನಿನಲ್ಲಿ ಒಂದರ ಮೇಲೊಂದು ಕೂತು ಒಂದೇ ಅಕ್ಷರದಂತೆ ಕಾಣುತ್ತವೆ. 'ಕು' ಬರೆದರೆ 'ಕ'ದ ಹೊರಗೆರೆಯೂ ಕೊಂಬಿನ ಹೊರಗೆರೆಯೂ ಒಂದನ್ನೊಂದು ದಾಟುತ್ತವೆ. ಲೇಸರ್ ಎರಡೂ ಗೆರೆಯನ್ನು ಕತ್ತರಿಸುತ್ತದೆ, ಕೊಂಬು ಕಳಚಿ ಬೀಳುತ್ತದೆ. ಔಟ್‌ಲೈನ್ ನೋಟಕ್ಕೆ ಹೋದರೆ ಈ ಅಡ್ಡಗೆರೆ ಕಣ್ಣಿಗೆ ಬೀಳುತ್ತದೆ. ಅಕ್ಷರವನ್ನು ಕರ್ವ್ಸ್‌ಗೆ, ಅಂದರೆ ಬರೀ ಗೆರೆಯ ಚಿತ್ರಕ್ಕೆ ಬದಲಿಸಿ, ಆಕಾರಗಳನ್ನು ಒಂದಾಗಿ ಬೆಸೆಯಲು ಕೋರಲ್ ಡ್ರಾ ಅಥವಾ ಲೈಟ್‌ಬರ್ನ್ ಆದರೆ ವೆಲ್ಡ್, ಇಂಕ್‌ಸ್ಕೇಪ್ ಆದರೆ ಯೂನಿಯನ್ ಕೊಡಿ. ಕರ್ವ್ಸ್ ಮಾಡಿಟ್ಟರೆ ಇನ್ನೊಂದು ಲಾಭವಿದೆ. ನುಡಿ ಫಾಂಟಿನಲ್ಲಿ ಮಾಡಿದ ಫೈಲ್ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುವ ಕಾಟ ತಪ್ಪುತ್ತದೆ.

ಒತ್ತಕ್ಷರ ಮೂಲ ಅಕ್ಷರಕ್ಕೆ ತಾಗಿರುವುದಿಲ್ಲ. 'ಕನ್ನಡ' ಕತ್ತರಿಸಿದರೆ 'ನ'ದ ಒತ್ತು ಬೇರೆ ತುಂಡಾಗಿಯೇ ಬರುತ್ತದೆ. ಅಂಟಿಸುವಾಗ ಜಾಗ ತಪ್ಪದಿರಲು ಒಂದು ಸಣ್ಣ ಸೇತುವೆ ಎಳೆದು ಜೋಡಿಸಿ. ಸ್ಟೆನ್ಸಿಲ್ ಮಾಡುವಾಗ ಸೊನ್ನೆಯ ಒಳಗಿನ ಬಿಲ್ಲೆ ಉದುರಿ ಹೋಗುತ್ತದೆ. ಅದಕ್ಕೂ ಇದೇ ಉಪಾಯ.

"ರೌಂಡ್ ಹೋಗಿ ಮೊಟ್ಟೆ ಆಯ್ತು", "ಗೆರೆ ನಡುಗುತ್ತೆ", "ಅಳತೆ ಬರ್ತಿಲ್ಲ"

ವೃತ್ತ ಮೊಟ್ಟೆಯಾದರೆ, ಕೊನೆ ಮೊದಲು ಸೇರದಿದ್ದರೆ ಬೆಲ್ಟ್ ಸಡಿಲ ಅಥವಾ ಮೋಟಾರ್ ಪುಲ್ಲಿಯನ್ನು ಬಿಗಿಹಿಡಿಯುವ ಸಣ್ಣ ಗ್ರಬ್ ಸ್ಕ್ರೂ ಸಡಿಲ. ಮಷಿನ್ ಆಫ್ ಮಾಡಿ ಹೆಡ್ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿ, ಆಟ ಇದ್ದರೆ ಕೈಗೇ ಗೊತ್ತಾಗುತ್ತದೆ. ಗೆರೆ ಅಲೆಅಲೆಯಾಗಿದ್ದರೆ ರೇಲ್ ಮೇಲೆ ಕೊಳೆ, ಬೇರಿಂಗ್ ಸವೆತ, ಇಲ್ಲವೇ ಕೊಳವೆಯೊಳಗೆ ಲೆನ್ಸೇ ಸಡಿಲವಾಗಿ ಕುಣಿಯುತ್ತಿರುತ್ತದೆ.

100 ಎಂಎಂ ಚೌಕ 99.8 ಬಂದರೆ ಅದು ದೋಷವಲ್ಲ. ಸೀಳಿನ ಅಗಲ ತಿಂದುಹಾಕಿದ ಅಳತೆ. ಫೈಲಿನಲ್ಲಿ ಆಫ್‌ಸೆಟ್ ಕೊಡಿ. 98 ಬಂದರೆ ಕಂಟ್ರೋಲರ್‌ನ ಸ್ಟೆಪ್ ಸೆಟಿಂಗ್ ತಪ್ಪಿದೆ. ಬದಲಿಸುವ ಮುಂಚೆ ಹಳೆಯ ಅಂಕಿಯ ಫೋಟೋ ತೆಗೆದಿಟ್ಟುಕೊಳ್ಳಿ.

"ಈ ಮೆಟೀರಿಯಲ್‌ಗೆ ಏನೂ ಆಗ್ತಾನೇ ಇಲ್ಲ" ಮತ್ತು "ಘಾಟು ತಡೆಯೋಕೆ ಆಗ್ತಿಲ್ಲ"

ಮೊದಲನೆಯದಕ್ಕೆ ಕಾರಣ ಮೆಟೀರಿಯಲ್ ಆ ಬೆಳಕನ್ನು ಹೀರುತ್ತಿಲ್ಲ. ಸಿಒ2 ಬೀಮನ್ನು ಮರ, ಅಕ್ರಿಲಿಕ್, ಚರ್ಮ, ಬಟ್ಟೆ, ಕಾಗದ, ಸೀಲು ಮಾಡುವ ರಬ್ಬರ್ ಚೆನ್ನಾಗಿ ಹೀರುತ್ತವೆ. ಸ್ಟೀಲ್, ಹಿತ್ತಾಳೆ, ಅಲ್ಯೂಮಿನಿಯಂ ಹಿಂದಕ್ಕೆ ಎಸೆಯುತ್ತವೆ. ಹಾಗಂತ ಸಿಒ2ನಲ್ಲಿ ಲೋಹ ಕತ್ತರಿಸಲು ಆಗುವುದೇ ಇಲ್ಲ ಅಂತಲ್ಲ. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಈ ಲೇಸರ್ ಮಾಡಿದ್ದು 1964ರಲ್ಲಿ. ಮೂರೇ ವರ್ಷಕ್ಕೆ, 1967ರಲ್ಲಿ, ಇಂಗ್ಲೆಂಡಿನಲ್ಲಿ ಪೀಟರ್ ಹೌಲ್ಡ್‌ಕ್ರಾಫ್ಟ್ ಬೀಮ್ ಜೊತೆ ಆಕ್ಸಿಜನ್ ಊದಿ 1 ಎಂಎಂ ಸ್ಟೀಲ್ ಕತ್ತರಿಸಿ ತೋರಿಸಿದರು. ಆದರೆ ಅದಕ್ಕೆ ಬಳಸಿದ್ದು 300 ವಾಟ್. ನಿಮ್ಮ 60 ವಾಟ್ ಮಷಿನ್‌ನಲ್ಲಿ ಸ್ಟೀಲ್ ಇಟ್ಟು ಪ್ರಯತ್ನಿಸಿದರೆ ಚಿಮ್ಮಿದ ಬೀಮ್ ಲೆನ್ಸಿಗೇ ವಾಪಸ್ ಬರುತ್ತದೆ.

ನೀಲಿ ಬೆಳಕಿನ ಡಯೋಡ್ ಮಷಿನ್ ಇರುವವರು ಪಾರದರ್ಶಕ ಅಕ್ರಿಲಿಕ್ ಕತ್ತರಿಸಲು ಹೋಗಿ ಸೋಲುವುದೂ ಇದೇ ಕಾರಣಕ್ಕೆ. ಆ ಬೆಳಕು ಅದರೊಳಗೆ ನೇರ ದಾಟಿಹೋಗುತ್ತದೆ. ಇದರಲ್ಲೊಂದು ಎಚ್ಚರಿಕೆಯೂ ಇದೆ. ಸಿಒ2 ಮಷಿನ್ನಿನ ಅಕ್ರಿಲಿಕ್ ಮುಚ್ಚಳ ಸಿಒ2 ಬೀಮನ್ನು ತಡೆಯುತ್ತದೆ. ಆದರೆ ಫೈಬರ್ ಲೇಸರಿನ ಬೆಳಕು ಪಾರದರ್ಶಕ ಅಕ್ರಿಲಿಕ್ ದಾಟಿ ಬಂದು ಕಣ್ಣಿನ ಒಳಪರದೆಯನ್ನೇ ಸುಡುತ್ತದೆ. ಒಂದರ ಕನ್ನಡಕ ಇನ್ನೊಂದಕ್ಕೆ ನಡೆಯುವುದಿಲ್ಲ.

ಎರಡನೆಯದು, ಘಾಟು. ಕಣ್ಣು ಉರಿದು, ಗಂಟಲು ಹಿಡಿದು, ಆಸಿಡ್ ವಾಸನೆ ಬಂದರೆ ಕೂಡಲೇ ನಿಲ್ಲಿಸಿ, ಬ್ಲೋವರ್ ಹಾಗೇ ಓಡಲಿ, ನೀವು ಹೊರಗೆ ಬನ್ನಿ. ಹೆಚ್ಚಾಗಿ ಒಳಗಿರುವುದು ಪಿವಿಸಿ. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೂ ಕೆಟ್ಟದ್ದು, ರೇಲ್, ಬೇರಿಂಗ್ ಎಲ್ಲಕ್ಕೂ ತುಕ್ಕು ಹಿಡಿಸುತ್ತದೆ. ಸನ್‌ಬೋರ್ಡ್ ಹೆಸರಲ್ಲಿ ಸಿಗುವ ಪಿವಿಸಿ ಫೋಮ್ ಶೀಟ್, ವಿನೈಲ್ ಸ್ಟಿಕರ್, ರೆಕ್ಸಿನ್ ಇವನ್ನು ಲೇಸರಿಗೆ ಹಾಕಲೇಬಾರದು. ಗ್ರಾಹಕರು "ಲೆದರ್" ಅಂತ ತಂದದ್ದು ಎಷ್ಟೋ ಸಲ ರೆಕ್ಸಿನ್ ಆಗಿರುತ್ತದೆ. ಸಂಶಯವಿದ್ದರೆ ಅಂಗಡಿಯ ಹೊರಗೆ, ಗಾಳಿಯಾಡುವ ಕಡೆ ಒಂದು ಪರೀಕ್ಷೆ ಮಾಡಿ. ತಾಮ್ರದ ತಂತಿಯ ತುದಿ ಕೆಂಪಗೆ ಕಾಯಿಸಿ, ಮೆಟೀರಿಯಲ್‌ಗೆ ಒತ್ತಿ, ಅಂಟಿದ ಚೂರಿನ ಜೊತೆ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಕ್ಲೋರಿನ್ ಇದೆ, ವಾಪಸ್ ಕೊಟ್ಟುಬಿಡಿ. ಪಾಲಿಕಾರ್ಬೊನೇಟ್ ಹಳದಿಯಾಗಿ ಕರಕಲಾಗುತ್ತದೆ, ಎಬಿಎಸ್ ಕರಗಿ ವಿಷದ ಹೊಗೆ ಬಿಡುತ್ತದೆ. ಅವೆರಡೂ ಬೇಡ.

ಎಂದಿನ ಮೆಟೀರಿಯಲ್‌ಗೇ ಹೊಗೆ ಅಂಗಡಿ ತುಂಬುತ್ತಿದ್ದರೆ ಬ್ಲೋವರ್ ರೆಕ್ಕೆಯಲ್ಲಿ ಮಸಿ ಕಟ್ಟಿದೆ, ಇಲ್ಲವೇ ಪೈಪ್ ಎಲ್ಲೋ ಹರಿದಿದೆ.

"ಬೆಳಿಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನ ಸುಸ್ತಾಗುತ್ತೆ"

ನೀರು ಬಿಸಿಯಾಗಿದೆ. ಟ್ಯೂಬಿಗೆ ಕೊಟ್ಟ ಕರೆಂಟಿನಲ್ಲಿ ಹೆಚ್ಚಿನ ಪಾಲು ಶಾಖವಾಗುತ್ತದೆ, ಅದನ್ನು ನೀರು ಹೊರಬೇಕು. ಬೀಮ್ ತಾಕತ್ತು ಇಳಿಯಲು ನೀರು ಕುದಿಯಬೇಕಿಲ್ಲ, 30 ಡಿಗ್ರಿ ಹತ್ತಿರ ಹೋದರೆ ಸಾಕು. ಬಕೆಟ್‌ನಲ್ಲಿ ಪಂಪ್ ಇಟ್ಟವರಿಗೆ ಇದು ದಿನದ ಕಥೆ. ಸಿಡಬ್ಲ್ಯು 3000 ಎಂಬ ಪೆಟ್ಟಿಗೆಯನ್ನು ಚಿಲ್ಲರ್ ಅಂತ ಮಾರುತ್ತಾರೆ. ಅದರಲ್ಲಿ ಇರುವುದು ರೇಡಿಯೇಟರ್ ಮತ್ತು ಫ್ಯಾನ್ ಅಷ್ಟೇ. ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಅದಕ್ಕೆ ಸಾಧ್ಯವೇ ಇಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದನ್ನು ನಂಬಿದರೆ ಕೆಟ್ಟಿರಿ. ಕಂಪ್ರೆಸರ್ ಇರುವ 5000, 5200 ಮಾದರಿ ಬೇಕು.

ಕರಾವಳಿ, ಮಲೆನಾಡಿನವರಿಗೆ ಉಲ್ಟಾ ಸಮಸ್ಯೆ. ಮಳೆಗಾಲದಲ್ಲಿ ಚಿಲ್ಲರ್ 18 ಡಿಗ್ರಿಗೆ ಇಟ್ಟರೆ ತಣ್ಣನೆಯ ಟ್ಯೂಬ್ ಮೈಮೇಲೆ ನೀರಹನಿ ಕೂರುತ್ತದೆ. ಹೈ ವೋಲ್ಟೇಜ್ ಇರುವ ಜಾಗದಲ್ಲಿ ಹನಿ ಕೂತರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಅಂಥ ದಿನಗಳಲ್ಲಿ 25ರ ಹತ್ತಿರ ಇಡಿ. ಪೈಪ್ ಒದ್ದೆಯಾಗಿದ್ದರೆ ಮಷಿನ್ ಆನ್ ಮಾಡಬೇಡಿ.

ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಮಾತ್ರ. ಉಪ್ಪಿನಂಶದ ನೀರಿನಲ್ಲಿ ಕರೆಂಟ್ ಸೋರುತ್ತದೆ, ಗಾಜಿನ ಒಳಗೆ ಪದರ ಕಟ್ಟುತ್ತದೆ. ನೀರು ಬದಲಿಸಿದ ಮೇಲೆ ಟ್ಯೂಬ್ ತುದಿಯಲ್ಲಿ ಗುಳ್ಳೆ ನಿಂತಿದೆಯೇ ನೋಡಿ. ಗುಳ್ಳೆ ಇರುವ ಜಾಗಕ್ಕೆ ನೀರು ತಾಗುವುದಿಲ್ಲ, ಗಾಜು ಕಾದು ಅಲ್ಲೇ ಸೀಳುತ್ತದೆ. ಲೇಸರ್ ಆಫ್ ಇಟ್ಟು ಪಂಪ್ ಮಾತ್ರ ಓಡಿಸಿ, ಪೈಪ್ ಹಿಸುಕಿ ಬಿಡುತ್ತಾ ಗುಳ್ಳೆ ಹೊರಡಿಸಿ.

"ಹೆಡ್ ಓಡುತ್ತೆ, ಬೀಮ್ ಬರ್ತಾನೇ ಇಲ್ಲ"

ಗಾಬರಿ ಬೀಳುವ ಮುಂಚೆ ಡೋರ್ ಸ್ವಿಚ್, ಎಮರ್ಜೆನ್ಸಿ ಬಟನ್, ಚಿಲ್ಲರ್ ಅಲಾರಂ, ನೀರಿನ ಫ್ಲೋ ಸೆನ್ಸರ್ ನೋಡಿ. ಸ್ಕ್ರೀನಿನಲ್ಲಿ ನೀರಿನ ಎಚ್ಚರಿಕೆ ಬರುತ್ತಿದ್ದರೆ ಪೈಪ್ ಮಡಚಿರಬಹುದು, ಸೆನ್ಸರಿನಲ್ಲಿ ಪಾಚಿ ಸಿಕ್ಕಿರಬಹುದು. ಸೆನ್ಸರ್ ವೈರ್ ಎರಡನ್ನೂ ಸೇರಿಸಿ "ಸರಿಮಾಡುವ" ಬುದ್ಧಿವಂತಿಕೆ ಬೇಡ. ನೀರಿಲ್ಲದೆ ಓಡಿದರೆ ಟ್ಯೂಬ್ ಒಡೆದೇ ಹೋಗುತ್ತದೆ. ಫೈಲಿನಲ್ಲಿ ಆ ಲೇಯರಿನ ಔಟ್‌ಪುಟ್ ಆಫ್ ಆಗಿದೆಯೇ, ಪವರ್ ಶೇ. 10ಕ್ಕಿಂತ ಕೆಳಗಿದೆಯೇ ಅಂತಲೂ ನೋಡಿ. ಅಷ್ಟು ಕಡಿಮೆಯಲ್ಲಿ ಎಷ್ಟೋ ಟ್ಯೂಬ್ ಹತ್ತಿಕೊಳ್ಳುವುದೇ ಇಲ್ಲ.

ಇದೆಲ್ಲ ಸರಿಯಿದ್ದರೆ ಮುಚ್ಚಳ ಹಾಕಿ ಪಲ್ಸ್ ಒತ್ತಿ, ಟ್ಯೂಬಿನಲ್ಲಿ ಹರಿಯುವ ಕರೆಂಟ್ ತೋರಿಸುವ ಮಿಲಿ ಆಂಪ್ ಮೀಟರ್ ನೋಡಿ. ಮುಳ್ಳು ಅಲುಗಲೇ ಇಲ್ಲ ಅಂದರೆ ಹೆಚ್ಚಾಗಿ ಪವರ್ ಸಪ್ಲೈ ಕಡೆ ದೋಷ. ಮುಳ್ಳು ಎಂದಿನಷ್ಟೇ ಏರಿದರೂ ಒಂದನೇ ಮಿರರ್ ಮುಂದಿನ ಟೇಪ್ ಸುಡದಿದ್ದರೆ ಟ್ಯೂಬ್ ಮುಗಿದಿದೆ. ಅಲ್ಲಿ ಚೆನ್ನಾಗಿ ಸುಟ್ಟು ಬೆಡ್ ಮೇಲೆ ಮಾತ್ರ ಬರದಿದ್ದರೆ ಟ್ಯೂಬಿಗೆ ಏನೂ ಆಗಿಲ್ಲ, ದಾರಿಯ ಮಿರರ್, ಲೆನ್ಸ್ ನೋಡಿ. ಈ ಒಂದು ಪರೀಕ್ಷೆ ಮಾಡದೆ ಯಾರೇ ಹೊಸ ಟ್ಯೂಬ್ ಹಾಕಿಸಿ ಅಂದರೂ ಒಪ್ಪಬೇಡಿ. ಹಾಗೆಯೇ ಮೀಟರ್ ಇಲ್ಲದ ಮಷಿನ್ನಿಗೆ ಮೊದಲು ಮೀಟರ್ ಹಾಕಿಸಿ. ಟ್ಯೂಬ್ ತಡೆಯುವ ಗರಿಷ್ಠ ಕರೆಂಟ್ ಎಷ್ಟು ಅಂತ ಅದರ ಚೀಟಿಯಲ್ಲೇ ಇರುತ್ತದೆ. ಸ್ಕ್ರೀನಿನ ಶೇಕಡಾ ಪವರ್ ಲೆಕ್ಕ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ಹೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿ, ಟೆಕ್ನಿಷಿಯನ್ ಕರೆಸಿ

ಟ್ಯೂಬ್ ಹತ್ತಿರ ಚಟಚಟ ಸದ್ದು ಅಥವಾ ಕಿಡಿ. ಓಜೋನಿನ ಚುರುಕು ವಾಸನೆ. ಮಷಿನ್ ಬಾಡಿ ಮುಟ್ಟಿದರೆ ಜುಮ್ ಅನ್ನುವುದು. ಟ್ಯೂಬ್ ಒಳಗೆ ನೀರು. ಪದೇ ಪದೇ ಎಂಸಿಬಿ ಬೀಳುವುದು. ಇವುಗಳಲ್ಲಿ ಯಾವುದೇ ಕಂಡರೂ ಮೇನ್ ಸ್ವಿಚ್ ಆಫ್ ಮಾಡಿ ದೂರ ನಿಲ್ಲಿ. ಜುಮ್ ಅನ್ನುವುದಕ್ಕೆ ಮೊದಲು ಬೇಕಾದವರು ಎಲೆಕ್ಟ್ರಿಷಿಯನ್, ಅರ್ಥಿಂಗ್ ಅಳೆದು ನೋಡಬೇಕು. ಬಾಡಿಗೆ ಅಂಗಡಿಯ ತ್ರೀ ಪಿನ್ ಸಾಕೆಟ್‌ನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ.

ಕರೆ ಮಾಡುವಾಗ "ಕಟ್ ಆಗ್ತಿಲ್ಲ" ಅಂತ ಮಾತ್ರ ಹೇಳಿದರೆ ಅವರು ತರುವುದು ಟ್ಯೂಬನ್ನೇ. ನಾಲ್ಕು ಮೂಲೆಯ ಟೇಪ್ ಚುಕ್ಕೆಗಳ ಫೋಟೋ, ಮೀಟರ್ ಎಷ್ಟು ತೋರಿಸಿತು, ಆಗ ನೀರು ಎಷ್ಟು ಡಿಗ್ರಿ ಇತ್ತು, ಯಾವ ಮೆಟೀರಿಯಲ್, ಎಷ್ಟು ಸ್ಪೀಡ್, ಎಷ್ಟು ಪವರ್, ಲೆನ್ಸ್ ಒರೆಸಿದ ಮೇಲೂ ಹಾಗೇ ಇದೆಯೇ, ಇಷ್ಟನ್ನೂ ವಾಟ್ಸಾಪ್‌ನಲ್ಲಿ ಮೊದಲೇ ಕಳಿಸಿ. ಟ್ಯೂಬ್ ಬದಲಿಸಲೇಬೇಕಾಗಿ ಬಂದರೆ ಹೊಸದರ ಮೇಲೆ ಬರೆದ ತಯಾರಿಕೆಯ ತಿಂಗಳು ನೋಡಿ ತೆಗೆದುಕೊಳ್ಳಿ. ಕಪಾಟಿನಲ್ಲಿ ಸುಮ್ನೆ ಕೂತಿದ್ದರೂ ಗ್ಲಾಸ್ ಟ್ಯೂಬಿನ ಗ್ಯಾಸ್ ನಿಧಾನಕ್ಕೆ ಕೆಡುತ್ತದೆ.